ಮುಚ್ಚಿದ ಪೆಟ್ಟಿಗೆಯ ಪರಿಶೀಲನೆ

1956ನೆಯ ಇಸವಿ ಏಪ್ರಿಲ್ 26ರಂದು ಅಮೆರಿಕದ ನ್ಯೂಅರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ ನಗರದ ಕಡೆಗೆ ಹೊರಟಿತು. ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಉದ್ಯಮಿಯ ಯೋಜನೆ ಅದು. ಅದಕ್ಕೆ ಮೊದಲು ಮೂಟೆ, ಪೀಪಾಯಿ, ಗಂಟುಗಳನ್ನೆಲ್ಲ ಹಮಾಲರು ಒಂದೊಂದಾಗಿ ಹೊತ್ತು ಹಡಗಿಗೆ ಸಾಗಿಸಬೇಕಾಗಿತ್ತು. ಒಂದೇ ಅಳತೆಯ ಪೆಟ್ಟಿಗೆ ಬಂದ ಮೇಲೆ, ಒಳಗಿರುವುದು ಅಕ್ಕಿಯೋ ಗಾಜಿನ ಸಾಮಾನೋ ಎಂದು ಎತ್ತುವ ಯಂತ್ರ ವಿಚಾರಿಸಬೇಕಾಗಿಲ್ಲ. ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರು ಈ ಉಪಾಯವನ್ನೂ ‘ಕಂಟೇನರ್’ ಎಂಬ ಹೆಸರನ್ನೂ ಬಂದರಿನವರಿಂದಲೇ ಎರವಲು ಪಡೆದರು.

ಒಂದು ತಂತ್ರಾಂಶ ಕೆಲಸ ಮಾಡಬೇಕಾದರೆ ಅದಕ್ಕೆ ಬೇಕಾದ ಪರಿಕರಗಳು ಹಲವು. ತಯಾರಿಸಿದವನ ಯಂತ್ರದಲ್ಲಿ ಅವೆಲ್ಲ ಇರುತ್ತವೆ. ಬಳಸುವವನ ಯಂತ್ರದಲ್ಲಿ ಯಾವುದೋ ಒಂದು ಇರುವುದಿಲ್ಲ. ಆದಕಾರಣ ತಂತ್ರಾಂಶವನ್ನೂ ಅದರ ಪರಿಕರಗಳನ್ನೂ ಒಟ್ಟಿಗೆ ಕಟ್ಟಿ ಕಳುಹಿಸುವ ಪದ್ಧತಿ ಬೆಳೆಯಿತು. 2013ರಲ್ಲಿ ಹೊರಬಂದ ‘ಡಾಕರ್’ ಇದನ್ನು ಎಲ್ಲರ ಕೈಗೆಟುಕುವಂತೆ ಮಾಡಿತು. ಆದರೆ ಅದರ ಬೇರುಗಳು ಹಳೆಯವು. ಒಂದು ಕಾರ್ಯಕ್ರಮಕ್ಕೆ ಕಡತಗಳ ಒಂದು ಭಾಗವನ್ನು ಮಾತ್ರ ತೋರಿಸಿ ಉಳಿದುದನ್ನು ಮರೆಮಾಡುವ ಕೌಶಲ 1979ರ ಯುನಿಕ್ಸ್‌ನಲ್ಲಿಯೇ ಇದ್ದಿತು. ಯಾರು ಎಷ್ಟು ಮೆಮೊರಿಯನ್ನು ಬಳಸಬಹುದೆಂದು ಕಟ್ಟುಹಾಕುವ ಏರ್ಪಾಡು 2008ರಲ್ಲಿ ಲಿನಕ್ಸ್‌ಗೆ ಸೇರಿತು. ನಿಜವಾಗಿ ನೋಡಿದರೆ ಇಲ್ಲಿ ಪೆಟ್ಟಿಗೆಯೆಂಬುದೇ ಇಲ್ಲ. ಇರುವುದು ಒಂದೇ ಯಂತ್ರದೊಳಗೆ ಎಳೆದ ಗೆರೆಗಳು. ಆದರೂ ಪೆಟ್ಟಿಗೆಯೆಂದೇ ಕರೆಯುವುದು ಅನುಕೂಲ.

ಇಂತಹ ಪೆಟ್ಟಿಗೆಯ ಪರಿಚಯ ನನಗೆ ಆದದ್ದು ನಿವೃತ್ತಿಯ ನಂತರ, ನಮ್ಮ ಊರಿನ ಪುಟ್ಟ ಗ್ರಂಥಾಲಯದಲ್ಲಿ. ಪುಸ್ತಕಗಳನ್ನು ಎರವಲು ಕೊಟ್ಟ ಲೆಕ್ಕವನ್ನು ಇಡುವುದಕ್ಕೆ ಅಲ್ಲಿ ಒಂದು ಗಣಕಯಂತ್ರವಿದೆ. ಅದನ್ನು ಸಜ್ಜುಗೊಳಿಸಿಕೊಟ್ಟವರು ಬೇರೆ ಊರಿಗೆ ಹೋಗಿ ಬಹುಕಾಲವಾಗಿದ್ದಿತು. ಒಂದು ದಸರೆಯ ಮುಂಚೆ ಅದರ ತಂತ್ರಾಂಶ ಪ್ರತಿದಿನ ಸಂಜೆ ಲೆಕ್ಕದ ಪಟ್ಟಿ ತೆಗೆಯುವ ಹೊತ್ತಿಗೆ ನಿಂತುಹೋಗತೊಡಗಿತು. ನೋಡಲು ಬಂದವರೊಬ್ಬರು, “ಇದನ್ನು ಅಳಿಸಿ ಹೊಸದಾಗಿ ಹಾಕಿಬಿಟ್ಟರೆ ಸರಿಹೋಗುತ್ತದೆ” ಎಂದು ಹೇಳಿ, ಮರುದಿನ ಬಂದು ಹಾಗೆಯೇ ಮಾಡುವುದಾಗಿ ತಿಳಿಸಿ ಹೊರಟರು. ಅದೇ ಸಂಜೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಜೆಗೆ ಬಂದವನು ನನ್ನನ್ನು ಕಾಣಲು ಬಂದನು. ನಾನು ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ದೆನು.

“ಅಳಿಸುವುದಕ್ಕೆ ಮುಂಚೆ ಒಳಗೆ ಏನಿದೆ ಎಂದು ನೋಡೋಣ, ಮೇಷ್ಟ್ರೇ” ಎಂದು ಅವನು ಟರ್ಮಿನಲ್ ಎಂಬ ಕಪ್ಪು ಪರದೆಯನ್ನು ತೆರೆದನು. ಅಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ. ಮಾತನ್ನು ಬೆರಳಚ್ಚು ಮಾಡಬೇಕು, ಉತ್ತರವನ್ನು ಓದಬೇಕು. ನನ್ನಂತಹ ಭಾಷೆಯ ಮೇಷ್ಟರಿಗೆ ಇದೇ ಹಿತವೆನಿಸಿತು. ಅವನು ಮೊದಲು ‘ಡಾಕರ್ ಪಿಎಸ್’ ಎಂದು ಬರೆದನು. ತಲೆಬರಹದ ಸಾಲೊಂದೇ ಬಂದಿತು. ಅದರ ಕೆಳಗೆ ಏನೂ ಇಲ್ಲ. “ಹಾಗಾದರೆ ಪೆಟ್ಟಿಗೆಯೇ ಹೋಯಿತೇನಪ್ಪಾ?” ಎಂದು ಗಾಬರಿಯಿಂದ ಕೇಳಿದೆನು. ಈ ಆದೇಶ ನಡೆಯುತ್ತಿರುವ ಕಂಟೇನರುಗಳನ್ನು ಮಾತ್ರ ಹೇಳುತ್ತದೆ, ನಿಂತವುಗಳನ್ನು ಹೇಳುವುದಿಲ್ಲ. ಅದೇ ಮಾತಿನ ಕೊನೆಗೆ ಒಂದು ಅಡ್ಡಗೆರೆಯನ್ನೂ ‘ಎ’ ಅಕ್ಷರವನ್ನೂ ಸೇರಿಸಿದಾಗ ‘ಲೈಬ್ರರಿ’ ಎಂಬ ಹೆಸರಿನ ಕಂಟೇನರ್ ಕಾಣಿಸಿತು. ಅದು ಎರಡು ಗಂಟೆಗಳ ಹಿಂದೆ ನಿಂತಿತ್ತು. ನಿರ್ಗಮನದ ಸಂಖ್ಯೆ 137.

ಈ ಸಂಖ್ಯೆಗೆ ಅರ್ಥವಿದೆ. 128ಕ್ಕೆ 9ನ್ನು ಕೂಡಿಸಿದರೆ 137. ಒಂಬತ್ತು ಎಂಬುದು ಕಾರ್ಯಕ್ರಮವನ್ನು ಕೂಡಲೇ ಕೊಲ್ಲುವ ಸಂಕೇತ. ಅದನ್ನು ಪಡೆದ ಕಾರ್ಯಕ್ರಮಕ್ಕೆ ಕೊನೆಯ ಮಾತನ್ನಾಡಲೂ ಅವಕಾಶವಿರುವುದಿಲ್ಲ. ‘ಡಾಕರ್ ಲಾಗ್ಸ್’ ಎಂದು ಕೇಳಿ ತಂತ್ರಾಂಶದ ದಿನಚರಿಯನ್ನು ಓದಿದಾಗ ಅದು ಪಟ್ಟಿ ಸಿದ್ಧಪಡಿಸುತ್ತಿದ್ದ ಸಾಲಿನ ನಡುವೆಯೇ ಮೌನವಾಗಿತ್ತು. ಆದರೆ ಕೊಂದವರು ಯಾರು? ಮನುಷ್ಯನೇ ಬಲವಂತವಾಗಿ ನಿಲ್ಲಿಸಿದರೂ ಇದೇ 137 ಬರುತ್ತದೆ. ಸಂಖ್ಯೆಯೊಂದನ್ನೇ ನಂಬಿ ತೀರ್ಪು ಕೊಡುವಂತಿರಲಿಲ್ಲ.

ಆಗ ಅವನು ‘ಡಾಕರ್ ಇನ್‌ಸ್ಪೆಕ್ಟ್ ಲೈಬ್ರರಿ’ ಎಂದು ಬರೆದನು. ಪರದೆಯ ತುಂಬ ಅಕ್ಷರಗಳು ಹರಿದುವು. ಕಂಟೇನರಿನ ಇಡೀ ಜಾತಕವೇ ಅದು: ಹುಟ್ಟಿದ ದಿನ, ಯಾವ ಅಚ್ಚಿನಿಂದ ಹುಟ್ಟಿತು, ಯಾವ ಬಾಗಿಲಿನ ಮೂಲಕ ಹೊರಗಿನವರೊಡನೆ ಮಾತನಾಡುತ್ತದೆ, ಎಷ್ಟು ಮೆಮೊರಿಯ ಅಪ್ಪಣೆಯಿದೆ, ನಿಂತರೆ ತಾನಾಗಿ ಏಳಬೇಕೇ ಬೇಡವೇ. ಪುಷ್ಪಾವರಣಗಳ ಒಳಗೆ ಪುಷ್ಪಾವರಣಗಳಾಗಿ ಹೆಣೆದ ಈ ಬರಹದ ಕ್ರಮಕ್ಕೆ ‘ಜೇಸನ್’ ಎಂದು ಹೆಸರು. ಇದನ್ನೆಲ್ಲ ಓದುವ ತಾಳ್ಮೆಯಿಲ್ಲದವರು ‘ಫಾರ್ಮ್ಯಾಟ್’ ಎಂಬ ಸೂಚನೆಯನ್ನು ಸೇರಿಸಿ, ಬೇಕಾದ ಒಂದೇ ವಿವರವನ್ನು ಹೆಸರಿಸಿ ಕೇಳಬಹುದು. ಹೊಸಬರು ಒಮ್ಮೆಯಾದರೂ ಪೂರ್ತಿ ಓದುವುದು ಲೇಸೆಂದು ನನಗೆ ತೋರುತ್ತದೆ. ಏನು ಕೇಳಬೇಕೆಂದು ತಿಳಿಯುವುದೇ ಹಾಗೆ.

‘ಸ್ಟೇಟ್’ ಎಂಬ ಭಾಗದಲ್ಲಿ ‘ಓಓಎಂ ಕಿಲ್ಡ್’ ಎಂಬುದರ ಎದುರಿಗೆ ‘ಟ್ರೂ’ ಎಂದಿತ್ತು. ಎಂದರೆ ಕೊಟ್ಟ ಮೆಮೊರಿ ಸಾಲದೆ ಯಂತ್ರವೇ ಕಾರ್ಯಕ್ರಮವನ್ನು ಕೊಂದಿದೆ. ಕೊಟ್ಟದ್ದೆಷ್ಟು? 134217728 ಬೈಟುಗಳು. ನೀವು ಇದನ್ನು 1024ರಿಂದ ಎರಡು ಸಲ ಭಾಗಿಸಿ ನೋಡಿ. 128 ಮೆಗಾಬೈಟು ಬರುತ್ತದೆ. (ಆ ಸ್ಥಳದಲ್ಲಿ ಸೊನ್ನೆ ಇದ್ದರೆ ಏನೂ ಕೊಟ್ಟಿಲ್ಲವೆಂದಲ್ಲ, ಮಿತಿಯೇ ಇಲ್ಲವೆಂದು ಅರ್ಥ.) ಪುಸ್ತಕಗಳು ಕೆಲವೇ ಇದ್ದಾಗ ಅಷ್ಟು ಸಾಕಾಗಿದ್ದಿತು. ಮೂರು ವರ್ಷಗಳ ಎರವಲನ್ನು ಒಟ್ಟಿಗೆ ಓದಿ ಪಟ್ಟಿ ಮಾಡುವ ಹೊತ್ತಿಗೆ ಸಾಲದೆ ಹೋಯಿತು.

ಅವನು ಇನ್ನಷ್ಟು ಕೆಳಗೆ ಓದುತ್ತ ಹೋಗಿ ಒಂದು ಕಡೆ ತಟಕ್ಕನೆ ನಿಂತನು. ‘ಮೌಂಟ್ಸ್’ ಎಂಬ ಹೆಸರಿನ ಮುಂದೆ ಬರಿಯ ಚೌಕಾವರಣ. ಅದರೊಳಗೆ ಏನೂ ಇಲ್ಲ. ಉಳಿಯಬೇಕಾದ ದಾಖಲೆಗಳನ್ನು ಕಂಟೇನರಿನ ಹೊರಗೆ ಒಂದು ಜಾಗದಲ್ಲಿಟ್ಟು ಅದನ್ನು ಒಳಕ್ಕೆ ಜೋಡಿಸುವುದು ವಾಡಿಕೆ. ಇಲ್ಲಿ ಆ ಜೋಡಣೆಯೇ ಇರಲಿಲ್ಲ. ಎಂದಮೇಲೆ ಯಾರು ಯಾವ ಪುಸ್ತಕ ಒಯ್ದರು ಎಂಬ ಲೆಕ್ಕವೆಲ್ಲ ಪೆಟ್ಟಿಗೆಯ ಒಳಗೇ ಇದ್ದಿತು. ಪೆಟ್ಟಿಗೆ ನಿಂತರೆ ಆ ಲೆಕ್ಕಕ್ಕೆ ಹಾನಿಯಿಲ್ಲ. ಅಳಿಸಿದರೆ ಅದರೊಡನೆ ಲೆಕ್ಕವೂ ಅಳಿಯುತ್ತದೆ. “ನಾಳೆ ಅಳಿಸಬೇಕೆಂದಿದ್ದರಲ್ಲವೇ?” ಎಂದು ಅವನು ಕೇಳಿದಾಗ ಗ್ರಂಥಪಾಲಕರು ಕುರ್ಚಿಯನ್ನು ಎಳೆದುಕೊಂಡು ಕುಳಿತುಬಿಟ್ಟರು.

‘ಎನ್ವ್’ ಎಂಬ ಇನ್ನೊಂದು ಭಾಗವಿದೆ. ತಂತ್ರಾಂಶಕ್ಕೆ ಹೊರಗಿನಿಂದ ಕೊಟ್ಟ ಸಂಯೋಜನೆಗಳು, ಎಂದರೆ ಭಾಷೆ, ವಿಳಾಸ ಮುಂತಾದುವು, ಅಲ್ಲಿ ಸಾಲಾಗಿ ಇರುತ್ತವೆ. “ಈ ಸಾಲನ್ನು ಓದಬೇಡಿ, ಮೇಷ್ಟ್ರೇ” ಎಂದನು. ಅಷ್ಟರಲ್ಲಿ ನಾನು ಓದಿಬಿಟ್ಟಿದ್ದೆನು: ಮೇಲ್ವಿಚಾರಕರ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಅಲ್ಲಿ ಬರೆದಿದ್ದಿತು. ಈ ಆದೇಶವನ್ನು ಬಳಸಬಲ್ಲ ಯಾರಿಗಾದರೂ ಅದು ಕಾಣುತ್ತದೆ. ಇನ್ನೊಬ್ಬರ ನೆರವು ಬೇಡಿ ಈ ಬರಹವನ್ನು ಹಾಗೆಯೇ ಕಳುಹಿಸುವವರು ಗುಟ್ಟನ್ನೂ ಕಳುಹಿಸಿದಂತಾಗುತ್ತದೆ.

ಇನ್‌ಸ್ಪೆಕ್ಟ್ ಎಲ್ಲವನ್ನೂ ಬಲ್ಲದೆಂದು ತಿಳಿಯಬಾರದು. ಕಂಟೇನರಿಗೆ ಹೊರಗಿನಿಂದ ವಿಧಿಸಿದ್ದನ್ನು ಅದು ಹೇಳುತ್ತದೆ. ಒಳಗಿನ ಕಡತವೊಂದರಲ್ಲಿ ತಂತ್ರಾಂಶ ತನಗೆ ತಾನೇ ಬರೆದುಕೊಂಡದ್ದನ್ನು ಹೇಳಲಾರದು. ಅದಕ್ಕೆ ನಡೆಯುತ್ತಿರುವ ಕಂಟೇನರಿನ ಒಳಹೊಕ್ಕು ನೋಡುವ ‘ಡಾಕರ್ ಎಕ್ಸೆಕ್’ ಎಂಬ ಬೇರೆ ಆದೇಶವಿದೆ. ಇನ್‌ಸ್ಪೆಕ್ಟ್ ಕೇವಲ ನೋಡುತ್ತದೆ, ಏನನ್ನೂ ಕದಲಿಸುವುದಿಲ್ಲ. ಎಕ್ಸೆಕ್ ಕೈಯಲ್ಲಿದ್ದಾಗ ಕೈತಪ್ಪೂ ಆಗಬಹುದು.

ಮುಂದಿನ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ನಿಂತ ಕಂಟೇನರಿನಿಂದಲೂ ಕಡತಗಳನ್ನು ಹೊರತೆಗೆಯಬಹುದು. ‘ಡಾಕರ್ ಸಿಪಿ’ ಎಂಬ ಆದೇಶದಿಂದ ಲೆಕ್ಕದ ಕಡತವನ್ನು ಮೊದಲು ಹೊರಕ್ಕೆ ನಕಲು ಮಾಡಿಕೊಂಡನು. ಬಳಿಕ 512 ಮೆಗಾಬೈಟಿನ ಮಿತಿಯೊಡನೆ ಹೊಸ ಕಂಟೇನರನ್ನು ಹುಟ್ಟಿಸಿ, ದಾಖಲೆಗಳ ಜಾಗವನ್ನು ಹೊರಗಿನಿಂದ ಜೋಡಿಸಿದನು. ಮತ್ತೊಮ್ಮೆ ಇನ್‌ಸ್ಪೆಕ್ಟ್ ಮಾಡಿದಾಗ ಚೌಕಾವರಣದೊಳಗೆ ನಾಲ್ಕಾರು ಸಾಲುಗಳು ಮೂಡಿದ್ದುವು. ಗ್ರಂಥಪಾಲಕರು ಸಂಜೆಯ ಪಟ್ಟಿಯನ್ನು ತೆಗೆದರು. ಈ ಸಲ ಅದು ಕೊನೆಯವರೆಗೂ ಬಂದಿತು. ಅದರಲ್ಲಿ ಬಾಕಿಯಿದ್ದ ಒಂದು ಪುಸ್ತಕದ ಎದುರಿಗೆ ನನ್ನ ಹೆಸರೂ ಇದ್ದಿತು.