ಬೇಲಿ ಬೆಳೆ ಕಾಯಲಿ, ಜೀವ ತೆಗೆಯದಿರಲಿ



ಗೋವಾದ ಸತ್ತರಿ, ಸಾಂಗೆ ತಾಲೂಕುಗಳಲ್ಲಿಯೂ ನಮ್ಮ ಖಾನಾಪುರದ ಕಣಕುಂಬಿ, ಜಾಂಬೋಟಿ ಭಾಗದಲ್ಲಿಯೂ ಒಕ್ಕಲುತನ ಮಾಡುವವರಿಗೆ ಕಾಡುಪ್ರಾಣಿಗಳ ಹಾವಳಿ ಹೊಸದಲ್ಲ. ಗೋವಾದ ಮಹದಾಯಿ ಅಭಯಾರಣ್ಯ 1999ರಲ್ಲಿ, ಇತ್ತ ಭೀಮಗಡ ಅಭಯಾರಣ್ಯ 2011ರಲ್ಲಿ ಘೋಷಣೆಯಾದವು. ಕಾಡು ಒಂದೇ, ಗಡಿ ನಮ್ಮದು. ಕಡವೆ, ಜಿಂಕೆ, ಹಂದಿಗಳಿಗೆ ಆ ಗಡಿ ತಿಳಿಯದು. ತಿಂಗಳುಗಟ್ಟಲೆಯ ಕಾಯಕ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದಾಗ ಸಿಟ್ಟು ಬರುವುದು ಸಹಜ.

ಆದರೆ ಉರುಳು ಒಡ್ಡುವುದು, ವಿಷವಿಡುವುದು, ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಬಿಡುವುದು ಪರಿಹಾರವಲ್ಲ. ಆ ತಂತಿಗೆ ಕಡವೆಗಿಂತ ಮೊದಲು ನಮ್ಮ ಎತ್ತು, ನೆರೆಯವನ ಮಗ ಬಲಿಯಾಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ, ಕಡವೆಗಳ ಬೇಟೆಗೆ ಸೆರೆವಾಸವಿದೆ. ಇವು ಹುಲಿಯ ಆಹಾರವೂ ಹೌದು. ಕಾಡಿನಲ್ಲಿ ಇವು ತೀರಿದರೆ ಹುಲಿ ಕೊಟ್ಟಿಗೆಯತ್ತ ಬರುವ ಸಂಭವ ಹೆಚ್ಚು. 2020ರ ಜನವರಿಯಲ್ಲಿ ಸತ್ತರಿಯ ಗೋಳಾವಲಿಯಲ್ಲಿ ನಾಲ್ಕು ಹುಲಿಗಳು ವಿಷದಿಂದ ಸತ್ತವು. ದನ ಕಳೆದುಕೊಂಡವರ ಮನೆಯವರೇ ಆ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಹಾನಿಯ ಮೇಲೆ ಹಾನಿ.

ಹಾಗಾದರೆ ಬೇಲಿ ಹೇಗಿರಬೇಕು?

1. ಕಡವೆ ಎತ್ತರಕ್ಕೆ ಹಾರುತ್ತದೆ. ತಂತಿಜಾಳಿಗೆಯ ಬೇಲಿ 8 ಅಡಿಯಷ್ಟಿರಲಿ. ಹಂದಿ ಕೆಳಗಿನಿಂದ ನುಗ್ಗುತ್ತದೆ. ಜಾಳಿಗೆಯ ಬುಡ ನೆಲಕ್ಕೆ ಬಿಗಿಯಾಗಿರಲಿ.

2. ಕಟ್ಟಿಗೆಯ ಗೂಟ ಗೆದ್ದಲಿಗೆ ಆಹಾರ. ಕಲ್ಲಿನ ಇಲ್ಲವೆ ಸಿಮೆಂಟಿನ ಕಂಬ, ಸತುವಿನ ಲೇಪವಿರುವ ತಂತಿ ಬಳಸಿರಿ. ಘಟ್ಟದ ಮಳೆಗೆ ಅಗ್ಗದ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತಂತಿ ಮಾರುವ ನಮ್ಮ ವ್ಯಾಪಾರಿ ಬಂಧುಗಳು ಇದನ್ನು ಗಿರಾಕಿಗೆ ತಿಳಿಸಿ ಹೇಳುವುದೂ ಕಾಯಕವೇ.

3. ಸೋಲಾರ್ ಬೇಲಿಯಲ್ಲಿ ವಿದ್ಯುತ್ತು ಕ್ಷಣಮಾತ್ರ ಬಡಿದು ನಿಲ್ಲುತ್ತದೆ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಪ್ರಮಾಣಿತ ಯಂತ್ರವನ್ನೇ ಕೊಳ್ಳಿರಿ. ತಂತಿಗೆ ತಾಗುವ ಹುಲ್ಲು ಬಳ್ಳಿ ಸವರದಿದ್ದರೆ ಶಕ್ತಿಯೆಲ್ಲ ನೆಲಕ್ಕಿಳಿಯುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಸರಳಿನ ಬುಡಕ್ಕೆ ನೀರು ಹಾಕಿರಿ.

ಇನ್ನು ಖರ್ಚಿನ ಮಾತು. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ನಾಲ್ವರು ಬೇರೆ ಬೇರೆಯಾಗಿ ಬೇಲಿ ಹಾಕಿದರೆ 3,340 ಅಡಿ. ಅದೇ ನಾಲ್ಕು ಎಕರೆ ಒಂದೇ ಚೌಕವಾಗಿ ಕೂಡಿಕೊಂಡಿದ್ದು, ಒಂದೇ ಬೇಲಿ ಹಾಕಿದರೆ 1,670 ಅಡಿ. 10 ಅಡಿಗೊಂದು ಕಂಬವೆಂದರೆ 334ರ ಬದಲು 167 ಕಂಬ ಸಾಕು. ಖರ್ಚು ಅರ್ಧ, ಕಾವಲಿಗೆ ನಾಲ್ಕು ಜನ. ಹುಲ್ಲು ಸವರುವ ಸರದಿಯನ್ನೂ ಲೆಕ್ಕದ ವಹಿಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿರಿ. ಕೂಡುಬೇಲಿ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಕಾಡಿಗೂ ಹಳ್ಳಕ್ಕೂ ನಡುವೆ ಪ್ರಾಣಿಗಳು ಓಡಾಡುವ ಹಳೆಯ ದಾರಿಯನ್ನು ಮಾತ್ರ ಬಿಟ್ಟುಕೊಡಿರಿ. ದಾರಿ ಮುಚ್ಚಿದರೆ ಅವು ಬೇಲಿಯನ್ನೇ ಮುರಿಯುತ್ತವೆ.

ಗೋವಾದಲ್ಲಿರುವವರು ಬೇಲಿಯ ಸಹಾಯಧನಕ್ಕಾಗಿ ವಲಯ ಕೃಷಿ ಕಚೇರಿಯಲ್ಲಿ ವಿಚಾರಿಸಬೇಕು. ಕರ್ನಾಟಕದಲ್ಲಿ ಬೆಳೆಹಾನಿಯಾದರೆ ಕೂಡಲೇ ಫೋಟೋ ತೆಗೆದು, ಪಹಣಿಯೊಂದಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ತಡಮಾಡಿದರೆ ಗುರುತು ಅಳಿದುಹೋಗುತ್ತದೆ.

ಬಸವಾದಿ ಶರಣರು ಕಾಯಕವನ್ನು ಎತ್ತಿ ಹಿಡಿದರು, ದಯೆಯನ್ನೂ ಬಿಡಲಿಲ್ಲ. ಬೆಳೆ ಉಳಿಸಿಕೊಳ್ಳುವುದು ಕಾಯಕ. ಜೀವ ತೆಗೆಯದೆ ಉಳಿಸಿಕೊಳ್ಳುವುದು ದಯೆ. ಮಳೆಗಾಲಕ್ಕೆ ಮುಂಚೆ ನೆರೆಹೊರೆಯವರು ಒಂದು ದಿನ ಕೂತು ಈ ಲೆಕ್ಕ ಹಾಕಿ ನೋಡಬೇಕೆಂದು ವಿನಂತಿ.



– ಕಾರ್ಯದರ್ಶಿ, ಶ್ರೀಮಠ