ಅಂಚೆಯ ಬಾಗಿಲಲ್ಲಿ ಎರಡನೆಯ ದಫ್ತರ

ಭಾಲ್ಕಿ ತಾಲೂಕಿನ ಮೆಹಕರದಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಮಿಂಚಂಚೆಯನ್ನು ತೆರೆಯಲು ಹೆಸರನ್ನೂ ಗುಪ್ತಪದವನ್ನೂ ಒತ್ತುತ್ತಾನೆಂದು ಭಾವಿಸೋಣ. ಅಂಚೆಯ ಸರ್ವರು ಅವನ ಮುಖವನ್ನು ಕಂಡರಿಯದು. ದತ್ತಸಂಚಯ, ಅಂದರೆ ಡೇಟಾಬೇಸ್ ಎಂಬ ದಫ್ತರವನ್ನು ಕೇಳಿಯೇ ಅವನನ್ನು ಒಳಗೆ ಬಿಡಬೇಕು. ದಫ್ತರ ಮುಚ್ಚಿತೆಂದರೆ, ಪತ್ರಗಳೆಲ್ಲ ಸುರಕ್ಷಿತವಾಗಿದ್ದರೂ ಬಾಗಿಲು ತೆರೆಯದು.

ಇದು ಬರಿಯ ಊಹೆಯಲ್ಲ. 2020ರ ಡಿಸೆಂಬರ್ 14ರಂದು, ನಮ್ಮ ಕಾಲಮಾನದ ಸಂಜೆ 5-16ರಿಂದ 47 ನಿಮಿಷಗಳ ಕಾಲ, ಜಗತ್ತಿನಾದ್ಯಂತ ಜಿಮೇಲ್ ಬಳಸುವವರಿಗೆ ಪ್ರವೇಶವು ದೊರೆಯದೆ ಹೋಯಿತು. ಗೂಗಲ್ ಸಂಸ್ಥೆಯಲ್ಲಿ ಸಂಗ್ರಹಸ್ಥಳವನ್ನು ಹಂಚುವ ಸ್ವಯಂಚಾಲಿತ ವ್ಯವಸ್ಥೆಯು, ಬಳಕೆ ಸೊನ್ನೆಯೆಂಬ ತಪ್ಪು ವರದಿಯನ್ನು ನಂಬಿ, ಖಾತೆಗಳ ದತ್ತಸಂಚಯದ ಪಾಲನ್ನು ಕಡಿತಗೊಳಿಸಿತ್ತು. ಹೊಸದನ್ನು ಬರೆಯುವುದು ನಿಂತಿತು, ಇದ್ದುದು ಹಳೆಯದಾಯಿತು, ಹಳೆಯ ಮಾಹಿತಿಯನ್ನು ನಂಬಬಾರದೆಂಬ ಭದ್ರತಾನಿಯಮದಂತೆ ಎಲ್ಲರಿಗೂ ನಿರಾಕರಣೆಯೇ ದೊರೆಯಿತು. ಪ್ರತಿಗಳೇನೋ ಅನೇಕವಿದ್ದವು. ಆದರೆ ಅವೆಲ್ಲಕ್ಕೂ ಪಾಲನ್ನು ಅಳೆಯುವ ಕೈ ಒಂದೇ ಆಗಿತ್ತು!

ಸಾಮಾನ್ಯವಾಗಿ ಒಂದು ಪ್ರಧಾನ ದತ್ತಸಂಚಯವನ್ನೂ ಅದರ ಪ್ರತಿಗಳನ್ನೂ ಇಡುತ್ತಾರೆ. ಪ್ರಧಾನವು ಕೆಟ್ಟಾಗ ಪ್ರತಿಯೊಂದು ಆ ಸ್ಥಾನಕ್ಕೆ ಏರಬೇಕು. ತೊಡಕು ಇಲ್ಲಿಯೇ ಇದೆ. ಉತ್ತರ ಬಾರದಿರುವುದು ಪ್ರಧಾನವು ಕೆಟ್ಟುದರಿಂದಲೋ, ನಡುವಣ ತಂತಿ ಕಡಿದುದರಿಂದಲೋ? ಪ್ರತಿಗೆ ಇದು ತಿಳಿಯದು. ತಂತಿ ಮಾತ್ರ ಕಡಿದಿದ್ದರೆ ಒಂದು ಮನೆಗೆ ಇಬ್ಬರು ಯಜಮಾನರಾಗುತ್ತಾರೆ. ಒಬ್ಬನಲ್ಲಿ ಬದಲಾಯಿಸಿದ ಗುಪ್ತಪದವನ್ನು ಇನ್ನೊಬ್ಬನು ಅರಿಯನು. ಆದುದರಿಂದ ಮೂರು ಯಂತ್ರಗಳನ್ನಿಟ್ಟು, ಎರಡರ ಒಪ್ಪಿಗೆಯಿಲ್ಲದೆ ಯಾವುದೂ ಪ್ರಧಾನವಾಗದಂತೆ ಏರ್ಪಡಿಸುತ್ತಾರೆ. ಮೂರನ್ನೂ ಒಂದೇ ಕಟ್ಟಡದಲ್ಲಿಟ್ಟು ಒಂದೇ ವಿದ್ಯುತ್ತಂತಿಗೆ ಜೋಡಿಸಿದರೆ, ಮೂರಿದ್ದೂ ಒಂದೇ ಸರಿ.

ಪ್ರತಿಯು ಪ್ರಧಾನಕ್ಕಿಂತ ತುಸು ಹಿಂದುಳಿಯುವುದೂ ಉಂಟು. ಈಗತಾನೆ ಗುಪ್ತಪದವನ್ನು ಬದಲಾಯಿಸಿದ ನಮ್ಮ ವಿದ್ಯಾರ್ಥಿಗೆ, ಕ್ಷಣಕಾಲ, ಹಳೆಯದೇ ಸರಿಯೆಂಬ ಉತ್ತರ ಬರಬಹುದು.

ಇಷ್ಟಾಗಿಯೂ ದಫ್ತರವೆಲ್ಲವೂ ಮೌನವಾದರೆ ಸರ್ವರು ಏನು ಹೇಳಬೇಕು? ನಮ್ಮ ಮಟ್ಟಿಗೆ ಇದೇ ಮುಖ್ಯವಾದ ಪ್ರಶ್ನೆ. ಪತ್ರ ಕಳುಹಿಸುವವರನ್ನು ಗುರುತಿಸುವ, 2007ರಲ್ಲಿ ಪರಿಷ್ಕೃತವಾದ ನಿಯಮಾವಳಿಯಲ್ಲಿ ಎರಡು ಸಂಖ್ಯೆಗಳಿವೆ: 535 ಎಂದರೆ ಗುಪ್ತಪದ ತಪ್ಪು; 454 ಎಂದರೆ ಸದ್ಯಕ್ಕೆ ಪರೀಕ್ಷಿಸಲಾರೆ, ಆಮೇಲೆ ಬಾ. ದಫ್ತರ ಕೆಟ್ಟಾಗ 535 ಎನ್ನುವ ಸರ್ವರು ಸುಳ್ಳಾಡಿದಂತೆ. ಬಳಕೆದಾರನು ಸರಿಯಾದ ಗುಪ್ತಪದವನ್ನೇ ಸಂಶಯಿಸಿ ಬದಲಾಯಿಸಹೊರಡುತ್ತಾನೆ. ಇಂಥದೇ ಗೊಂದಲವು ಗೂಗಲ್ಲಿನಲ್ಲಿ ಮರುದಿನವೇ ಬೇರೊಂದು ಕಾರಣದಿಂದ ಉಂಟಾಯಿತು. ಇದ್ದ ವಿಳಾಸಗಳನ್ನೇ ಇಲ್ಲವೆಂದು ಸಾರುವ 550 ಎಂಬ ಕಾಯಂ ನಿರಾಕರಣೆಯನ್ನು ಜಿಮೇಲ್ ಕೊಟ್ಟಿತು. ಅದನ್ನು ನಂಬಿದ ಸರ್ವರುಗಳು ಮತ್ತೆ ಯತ್ನಿಸದೆ ಪತ್ರಗಳನ್ನು ಕಳುಹಿಸಿದವರಿಗೇ ಹಿಂದಿರುಗಿಸಿದವು.