ಹರಾಜಾಗಿದ್ದು ಮೀನು, ಕೆರೆಯಲ್ಲ

ಅರಸೀಕೆರೆ ತಾಲ್ಲೂಕಿನ ಬಾಣಾವರ ಹೋಬಳಿಯಂಥ ಮಳೆ ಕಮ್ಮಿಯ ಸೀಮೆಯಲ್ಲಿ ಕೆರೆ ತುಂಬಿತೆಂದರೆ ತೆಂಗಿನ ತೋಟದ ಬೋರ್‌ವೆಲ್‌ಗೆ ಜೀವ ಬರುತ್ತದೆ, ದನಕರುಗಳಿಗೆ ಕುಡಿಯಲು ನೀರಾಗುತ್ತದೆ. ಅದೇ ಕೆರೆಯ ಮೀನು ಪಾಶುವಾರು ಹಕ್ಕು ಸಾಮಾನ್ಯವಾಗಿ ಐದು ವರ್ಷಕ್ಕೆ ಗುತ್ತಿಗೆ ಹೋಗುತ್ತದೆ. ಗುತ್ತಿಗೆದಾರ ‘ಕೆರೆ ಈಗ ನನ್ನದು’ ಎಂದರೆ ಸುಮ್ಮನೆ ಹಿಂದಿರುಗಬೇಡಿ. ಅವನಿಗೆ ಸಿಕ್ಕಿರುವುದು ಮೀನು ಸಾಕಿ ಹಿಡಿಯುವ ಹಕ್ಕು ಮಾತ್ರ. ಮೀನಿನ ಗುತ್ತಿಗೆ ತೂಬಿನ ಮೇಲೆ ಅಧಿಕಾರ ಕೊಡುವುದಿಲ್ಲ.

ಜಗಳ ಏಳುವುದೇ ಅಲ್ಲಿ. ಬೇಸಿಗೆಯಲ್ಲಿ ಉಳಿದ ಮೀನನ್ನು ಒಂದು ಗುಂಡಿಗೆ ಸೇರಿಸಲು ರಾತ್ರೋರಾತ್ರಿ ತೂಬು ಎತ್ತುತ್ತಾರೆ. ಮಳೆಗಾಲದಲ್ಲಿ ಮೀನು ಹೊರಹೋಗದಂತೆ ಕೋಡಿಗೆ ಅಡ್ಡ ಬಲೆ ಬಿಗಿಯುತ್ತಾರೆ. ಬಲೆಗೆ ಕಸಕಡ್ಡಿ ಸಿಕ್ಕಿಕೊಂಡರೆ ನೀರಿನ ಒತ್ತಡವೆಲ್ಲ ಏರಿಯ ಮೇಲೆ. ಬೇಸಾಯದ ಅಥವಾ ಕುಡಿಯುವ ನೀರು ಕಡಿಮೆಯಾಗುತ್ತದೆಂದು ಗೊತ್ತಿದ್ದೂ ಹಾನಿ ಮಾಡಿದರೆ, ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ವಿಷ ಬೆರೆಸಿ, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೂ ನಿಷೇಧವಿದೆ.

ಕಾಟ್ಲಾ, ರೋಹು ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಪ್ರತಿ ಸಲ ಮರಿ ತಂದು ಬಿಡಬೇಕು. ಕೊರವನಂಥ ನಾಡಮೀನು ಹಾಗಲ್ಲ, ಕೆರೆಯಲ್ಲೇ ಮೊಟ್ಟೆಯಿಟ್ಟು ಬೆಳೆಯುತ್ತದೆ. ವಿಷ ಬಿದ್ದ ಕೆರೆಯಲ್ಲಿ ಅದರ ಸಂತತಿಯೇ ಅಳಿಯುತ್ತದೆ. ಗಾಳ ಹಿಡಿದು ಕೂರುವ ಬಡವನಿಗೆ ಸಿಗುವುದು ಆ ಮೀನೇ ಎಂಬುದರಿಂದ ನನಗೆ ಇದು ಬರೀ ಪರಿಸರದ ಮಾತಾಗಿ ಕಾಣುವುದಿಲ್ಲ. ಇದನ್ನು ತಡೆಯಲು ಮೊದಲು ನೋಡಬೇಕಾದ ಕಾಗದ ಗುತ್ತಿಗೆ ಕರಾರು.

ಆ ಕರಾರನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಕೆರೆ ಪಂಚಾಯಿತಿಯದಾದರೆ ಪಿಡಿಒ, ಇಲ್ಲವಾದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದ ಮೀರದಂತೆ ಇರಬೇಕು. ‘ಇಂಥ ಕೆರೆಯ ಗುತ್ತಿಗೆ ಕರಾರು, ಷರತ್ತುಗಳ ನಕಲು ಕೊಡಿ’ ಎಂದಷ್ಟೇ ಬರೆದರೆ ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಷರತ್ತು ಮುರಿದಿದ್ದರೆ ಗ್ರಾಮಸಭೆಯಲ್ಲಿ ಎತ್ತಿ, ನಡವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ, ಲಿಖಿತ ದೂರಿಗೆ ಸ್ವೀಕೃತಿ ಪಡೆಯಿರಿ. ಮೀನು ಸತ್ತು ತೇಲಿದರೆ ಫೋಟೊ ತೆಗೆದು 112ಕ್ಕೆ ಕರೆ ಮಾಡಿ. ನೀರಿನ ಮಾದರಿ ತೆಗೆಯುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆಯಿರಿ. ಎಫ್‌ಐಆರ್ ಆದರೆ ದೂರು ಕೊಟ್ಟವರಿಗೆ ಅದರ ಪ್ರತಿ ಉಚಿತ.

ಗುತ್ತಿಗೆ ಇರುವ ಕೆರೆಗೆ ಅನುಮತಿಯಿಲ್ಲದೆ ಬಲೆ ಬಿಡುವುದೂ ತಪ್ಪೇ, ಸಿಟ್ಟಿನಲ್ಲಿ ಆ ದಾರಿ ಹಿಡಿಯಬೇಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅರಸೀಕೆರೆ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.